ಬೇಲಿಯಾಚೆಯ ಕುರಿಮರಿಗಳು

ಓಲ್ಡ್ ಏರ್‌ಪೋರ್ಟ್, ದೋಹಾ
15 ಮೇ 2007, ಮಂಗಳವಾರ

ಪರಮಪೂಜ್ಯ ಜ್ಯೋತ್ಸ್ನಕ್ಕನವರ ಎರಡೂ ಪಾದಗಳಿಗೆ, ಎರಡರ ಯೋಗಕ್ಷೇಮವನ್ನೂ ಬೇರೆ ಬೇರೆಯಾಗಿ ವಿಚಾರಿಸುತ್ತಾ, ತಂಗಿ ಗ್ರೀಷ್ಮಾ ಮಾಡುವ ನಮಸ್ಕಾರಗಳು.

ಬೇರೆ ಬೇರೆಯಾಗಿ ಯಾಕೆ ಎಂಬುದು ಮುಂದೆ ಬರುತ್ತದೆ. ಮೊದಲು ಒಂದು ತಪ್ಪೊಪ್ಪಿಗೆ. ದಯವಿಟ್ಟು ಕೂತು ಓದು. ನೀನು ಕೂತೇ ಇದ್ದೀ ಎಂದು ಅಪ್ಪನ ಅಂದಾಜು.

ನಮ್ಮ ಹನ್ನೊಂದನೇ ಕ್ಲಾಸಿಗೆ ಭೂಗೋಳದ ಪ್ರಾಜೆಕ್ಟ್ ಎಂಬುದೇ ಇಲ್ಲ. ಯಾವತ್ತೂ ಇರಲಿಲ್ಲ. ‘ಇಂಗ್ಲೆಂಡಿನ ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನದ ಸೈಕಲ್ ಮಾರ್ಗಗಳು: ಒಂದು ಅಧ್ಯಯನ’ ಎಂಬ ಘನವಾದ ಶೀರ್ಷಿಕೆ ಹುಟ್ಟಿದ್ದು ನಾನು ಹಲ್ಲುಜ್ಜುತ್ತಿರುವಾಗ. ಸಾರಮ್ಮ ಟೀಚರ್ ಕಾಯುತ್ತಿದ್ದಾರೆ, ಒಂದೊಂದು ಮಾರ್ಗವನ್ನೂ ನೀನೇ ಸೈಕಲ್ ತುಳಿದು ನೋಡಿ, ಕಂಡದ್ದನ್ನು ಕಾರ್ಡಿನಲ್ಲಿ ಬರೆದು ಬೇಗ ಕಳಿಸು ಎಂದು ನಾನು ನಿನಗೆ ಬರೆದಾಗಲೆಲ್ಲ ಆ ಪಾಪದ ಹೆಂಗಸು ನಮಗೆ ಕೆಮಿಸ್ಟ್ರಿ ಕಲಿಸುತ್ತಿದ್ದರು.

ಮಾರ್ಗಗಳು ಬೇಕಾಗಿದ್ದದ್ದು ಅಪ್ಪನಿಗೆ.

ಫೆಬ್ರವರಿ ಹನ್ನೊಂದರಂದು ಶಾಲೆ ಬಸ್ಸಿನ ಕೊನೆಯ ಮಗುವನ್ನು ದೋಹಾ ಅಲ್ ಜದೀದಾದಲ್ಲಿ ಇಳಿಸಿ, ಬಸ್ಸನ್ನು ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಇಂಡಿಕೇಟರ್ ಹಾಕಿ, ಆಮೇಲೆ ಅಪ್ಪ ಎದೆ ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅವರು ಇದನ್ನು ಇದೇ ಕ್ರಮದಲ್ಲಿ ಹೇಳಿದ್ದಾರೆ, ಒಂದನ್ನೂ ಬಿಡದೆ. ಹಾರ್ಟ್ ಅಟ್ಯಾಕ್, ಅಕ್ಕ. ಆರು ದಿನ ಐಸಿಯು. ಆ ಶುಕ್ರವಾರ ನೀನು ಫೋನ್ ಮಾಡಿದಾಗ ಅಪ್ಪ ಟ್ರಿಪ್ಪಿಗೆ ಹೋಗಿದ್ದಾರೆ ಎಂದು ಅಮ್ಮ ಹೇಳಿದ್ದು ನೆನಪುಂಟಾ? ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಳು. ನೀರಿನ ಶಬ್ದದಲ್ಲಿ ಬೇರೆ ಯಾವ ಶಬ್ದವೂ ಕೇಳಬಾರದಲ್ಲ.

ಪ್ರಜ್ಞೆ ಬಂದ ಮೇಲೆ ಅಪ್ಪನ ಮೊದಲ ಆಜ್ಞೆ: ಜ್ಯೋತ್ಸ್ನಾಳಿಗೆ ಹೇಳಬಾರದು, ಹೇಳಿದರೆ ಇಂಗ್ಲೆಂಡಿನ ಓದು ಬಿಟ್ಟು ಓಡಿ ಬರುತ್ತಾಳೆ. ಹೇಳಬೇಕು ಎಂದು ಅಮ್ಮ. ಮತದಾನ ನಡೆಯಿತು. ನನ್ನ ಮತ ಅಪ್ಪನ ಕಡೆಗೆ ಬಿತ್ತು. ಇದಕ್ಕೆ ನೀನು ಕೊಡುವ ಶಿಕ್ಷೆಯನ್ನು ತಲೆಬಾಗಿ ಸ್ವೀಕರಿಸುತ್ತೇನೆ.

ದಿನಕ್ಕೆ ಇಪ್ಪತ್ತು ನಿಮಿಷ ಸೈಕಲ್ ತುಳಿಯಬೇಕು, ಮನೆಯಲ್ಲೇ, ಭಾರ ಹಾಕದೆ ಎಂದರು ಡಾಕ್ಟರು. ಅಲ್ ಮುಂತಜಾದ ಅಬ್ಬಾಸ್ ಅಂಕಲ್ ಒಂದು ನಿಂತಲ್ಲೇ ತುಳಿಯುವ ಸೈಕಲ್ ತಂದುಕೊಟ್ಟರು. ಅವರ ಮನೆಯಲ್ಲಿ ಅದು ಎರಡು ವರ್ಷ ಬಟ್ಟೆ ಒಣಗಿಸುವ ಸೇವೆ ಸಲ್ಲಿಸಿತ್ತಂತೆ. ಅಪ್ಪ ಒಂದು ದಿನ ತುಳಿದರು. ಮರುದಿನ ಇಳಿದುಬಿಟ್ಟರು. ಇಪ್ಪತ್ತಮೂರು ವರ್ಷ ಬಸ್ಸು ಓಡಿಸಿದವನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದೀರಲ್ಲ, ಎಲ್ಲಿಗೂ ಹೋಗದ ಗಾಡಿ ನನಗೆ ಬೇಡ, ಖಲಾಸ್ ಎಂದರು.

ಆಗ ನಾನು ಹಲ್ಲುಜ್ಜಲು ಹೋದೆ. ಉಳಿದದ್ದು ನಿನಗೆ ಗೊತ್ತು.

ನಿನ್ನ ಮೊದಲ ಕಾರ್ಡು ಬಂದ ದಿನದ ವೈಭವವನ್ನು ನೀನು ನೋಡಬೇಕಿತ್ತು. ಪ್ರಿನ್ಸ್‌ಟೌನಿನಿಂದ ಪೋಸ್ಟ್‌ಬ್ರಿಜ್‌ವರೆಗೆ. ಮರವಿಲ್ಲದ ಬೋಳು ಗುಡ್ಡ, ದಾರಿಗೆ ಅಡ್ಡ ನಿಂತ ಕುಳ್ಳ ಕುದುರೆಗಳು, ಮುಖಕ್ಕೆ ರಾಚುವ ಗಾಳಿ, ಕೊನೆಗೆ ಕಲ್ಲುಚಪ್ಪಡಿಯ ಹಳೇ ಸೇತುವೆ. ನಾನು ಗಟ್ಟಿಯಾಗಿ ಓದುವುದು, ಅಪ್ಪ ತುಳಿಯುವುದು. ಗಾಳಿಗೆ ಟೇಬಲ್ ಫ್ಯಾನು. ತುಂತುರು ಮಳೆಗೆ ಅಮ್ಮ ಇಸ್ತ್ರಿಗೆ ಇಟ್ಟುಕೊಂಡ ನೀರಿನ ಬಾಟಲಿ. ಅಮ್ಮ ಬಂದು ನೋಡಿ, ನಿಮ್ಮಿಬ್ಬರ ಮಂಡೆ ಸಮ ಉಂಟಾ ಎಂದು ಕೇಳಿದಳು. ಆಮೇಲೆ ತಾನೇ ಟವೆಲು ಹಿಡಿದು ಪೋಸ್ಟ್‌ಬ್ರಿಜ್‌ನಲ್ಲಿ ನಿಂತಳು.

ಅಪ್ಪನಿಗೆ ಇದ್ದ ಒಂದೇ ತಕರಾರು ರೌಂಡ್‌ಅಬೌಟಿನದು. ಇಷ್ಟು ದೂರ ಹೋದರೂ ಒಂದು ರೌಂಡ್‌ಅಬೌಟ್ ಸಿಗಲಿಲ್ಲವಲ್ಲ ಮಾರಾಯ್ತಿ, ನಮ್ಮ ದೋಹಾದಲ್ಲಿ ದಾರಿ ಹೇಳುವುದೇ ಆ ಸರ್ಕಲ್‌ಗಳ ಲೆಕ್ಕದಲ್ಲಿ, ಹಾಗಾದರೆ ಅಲ್ಲಿಯ ಜನ ಮನೆಗೆ ದಾರಿ ಹೇಳುವುದಾದರೂ ಹೇಗೆ ಎಂದು ಎರಡು ದಿನ ಚಿಂತೆ ಮಾಡಿದರು.

ನೀನು ಏರು ಇದ್ದಲ್ಲಿ ಒಂದು ಬಾಣ, ಕಡಿದಾದ ಏರಿಗೆ ಎರಡು ಬಾಣ ಬರೆಯುತ್ತೀಯಲ್ಲ, ಒಂದು ಬಾಣಕ್ಕೆ ಸೈಕಲಿನ ಸ್ಕ್ರೂ ಅರ್ಧ ಸುತ್ತು ಬಿಗಿ, ಎರಡಕ್ಕೆ ಪೂರ್ತಿ ಸುತ್ತು ಎಂದು ಕಾನೂನಾಯಿತು. ಫ್ಲೈಓವರ್ ಬಿಟ್ಟರೆ ಬೇರೆ ಏರು ಕಾಣದ ಈ ಊರಿನಲ್ಲಿ ಅಪ್ಪ ಗುಡ್ಡ ಹತ್ತಿದರು, ಏದುಸಿರು ಬಿಟ್ಟರು, ತುದಿ ಮುಟ್ಟಿ ಕೈಯೆತ್ತಿದರು. ಇಲ್ಲಿ ಇನ್ನೊಂದು ಒಪ್ಪಿಗೆ, ಅಪ್ಪನಿಗೆ ಹೇಳಬೇಡ: ನಾನು ಸ್ಕ್ರೂವನ್ನು ಮುಟ್ಟುವುದೇ ಇಲ್ಲ. ಮೇಲಿಂದ ಕೈ ತಿರುಗಿಸಿ ಎರಡು ಬಾಣ ಅಪ್ಪಾ, ಯಲ್ಲಾ, ತುಳಿಯಿರಿ ಎಂದು ಕೂಗುತ್ತೇನೆ ಅಷ್ಟೆ.

ನಾಲ್ಕು ಕಾರ್ಡು ಹೀಗೆ ಸುಖವಾಗಿ ಮುಗಿದವು. ಡಾಕ್ಟರಿಗೂ ಸಂತೋಷ. ಬರುವ ಮಂಗಳವಾರ ಟ್ರೆಡ್‌ಮಿಲ್ ಪರೀಕ್ಷೆ ಉಂಟು. ಅದರಲ್ಲಿ ಪಾಸಾದರೆ ಅಪ್ಪನಿಗೆ ಮತ್ತೆ ಬಸ್ಸು ಸಿಗುತ್ತದೆ. ಇಲ್ಲದಿದ್ದರೆ ಇಲ್ಲ.

ಹೋದ ಶುಕ್ರವಾರ ಐದನೇ ಕಾರ್ಡು ತೆಗೆದೆವು. ವೈಡ್‌ಕೂಂಬ್ ಕಡೆಯ ಓಣಿಗಳು. ಅರ್ಧ ದಾರಿಯಲ್ಲಿ ಅಪ್ಪ ತುಳಿಯುವುದು ನಿಲ್ಲಿಸಿದರು. ಎದೆಯಾ ಎಂದು ನಾನು ಹೆದರಿದೆ. ಅಲ್ಲ. ಮೂರನೇ ಕಾರ್ಡು ಕೊಡು ಎಂದರು. ಅದೂ ಇದೇ ಓಣಿಯದ್ದು. ಅದರಲ್ಲಿ ನೀನು ಬರೆದದ್ದು: ಎರಡೂ ಕಡೆ ಆಳೆತ್ತರದ ಹಸಿರು ಬೇಲಿ, ಸುರಂಗದೊಳಗೆ ಹೋದ ಹಾಗೆ, ಆಚೆ ಕುರಿಗಳ ದನಿ ಕೇಳುತ್ತದೆ, ಒಂದೂ ಕಾಣುವುದಿಲ್ಲ. ಐದನೆಯದರಲ್ಲಿ: ಬೇಲಿಯಾಚೆ ಮೂರು ಕುರಿಮರಿಗಳು, ಬಿಳಿ ಹೊಗೆಗೂಡಿನ ಮನೆ, ಅಂಗಳದಲ್ಲಿ ಮಲಗಿದ ಕಪ್ಪು ನಾಯಿ.

ಇದು ಸೈಕಲಿನ ಸೀಟಿನಿಂದ ಕಂಡದ್ದಲ್ಲ ಎಂದರು ಅಪ್ಪ. ಬಸ್ಸೋ ವ್ಯಾನೋ, ಎತ್ತರದ ಸೀಟು. ಅಷ್ಟು ಎತ್ತರ ಕೂತರೆ ಏನೇನು ಕಾಣುತ್ತದೆ ಎಂದು ಬಸ್ಸು ಓಡಿಸಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದರು.

ಅಕ್ಕ ಉದ್ದ ಆಗಿರಬಹುದು ಎಂದೆ. ಇಪ್ಪತ್ತನಾಲ್ಕರಲ್ಲಿ ಯಾರೂ ಒಂದು ತಿಂಗಳಿಗೆ ಮೂರು ಅಡಿ ಬೆಳೆಯುವುದಿಲ್ಲ ಎಂದರು. ನಗಲಿಲ್ಲ. ನಾಲ್ಕನೆಯದರ ಕೊನೆಯ ಸಾಲು ಓದು ಎಂದರು. ಓದಿದೆ: ಈ ಇಳಿಜಾರಿನಲ್ಲಿ ಜಲ್ಲಿಕಲ್ಲು ಜಾಸ್ತಿ, ಟೀಚರಿಗೆ ಅವಸರ ಎಂದಿದ್ದೀಯಲ್ಲ, ಮಳೆ ಬಂದರೂ ಈ ಶನಿವಾರ ಮುಗಿಸಿಬಿಡುತ್ತೇನೆ.

ಅದೇ ಸಂಜೆ ಅಪ್ಪ ತಾವೇ ನಿನ್ನ ಹಾಸ್ಟೆಲಿಗೆ ಫೋನ್ ಮಾಡಿದರು. ಫೋನ್ ಎತ್ತಿದ ಹುಡುಗಿ ನಿನ್ನನ್ನು ಕರೆಯಲು ಹೋದಳು. ಅಪ್ಪ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ದೂರದಿಂದ ಟಕ್, ಟಕ್ ಎಂದು ನೆಲಕ್ಕೆ ಕೋಲು ಊರುವ ಶಬ್ದ ಹತ್ತಿರ ಬಂತು. ಆಮೇಲೆ ನಿನ್ನ ಹಲೋ. ನಾನು ಚೆನ್ನಾಗಿದ್ದೇನೆ ಎಂದೆ ನೀನು. ನಾವೂ ಚೆನ್ನಾಗಿದ್ದೇವೆ ಎಂದರು ಅಪ್ಪ. ಫೋನಿನಲ್ಲಿ ನಮ್ಮ ಮನೆಯವರೆಲ್ಲ ಯಾವಾಗಲೂ ಚೆನ್ನಾಗಿರುತ್ತಾರೆ.

ಫೋನ್ ಇಟ್ಟ ಮೇಲೆ ಅಪ್ಪ ಹೇಳಿದ್ದು: ಅವಳು ಮುಚ್ಚಿಡುವುದನ್ನು ನಮ್ಮಿಂದಲೇ ಕಲಿತದ್ದು. ಮೊದಲು ನಾವು ನಿಲ್ಲಿಸುವ.

ಅಂದಿನಿಂದ ಅವರು ತುಳಿದಿಲ್ಲ. ಹೊತ್ತಿಗೆ ಸರಿಯಾಗಿ ಸೈಕಲ್ ಹತ್ತುತ್ತಾರೆ, ಇಪ್ಪತ್ತು ನಿಮಿಷ ಐದನೇ ಕಾರ್ಡು ಹಿಡಿದು ಕೂರುತ್ತಾರೆ, ಇಳಿಯುತ್ತಾರೆ. ಆ ಮಗು ಯಾಕೆ ಸೈಕಲಿನಿಂದ ಇಳಿಯಿತು ಎಂದು ತಿಳಿಯದೆ ನಾನು ಮುಂದೆ ಹೋಗುವುದಿಲ್ಲ ಎನ್ನುತ್ತಾರೆ. ಪರೀಕ್ಷೆಗೆ ಏಳು ದಿನ ಉಳಿದಿದೆ. ಫ್ಯಾನು, ನೀರಿನ ಬಾಟಲಿ, ನನ್ನ ಕೂಗು ಯಾವುದೂ ಕೆಲಸ ಮಾಡುತ್ತಿಲ್ಲ.

ಅಕ್ಕ, ಇಲ್ಲಿಂದ ಮುಂದೆ ತಮಾಷೆ ಮಾಡಲು ನನಗೆ ಬರುತ್ತಿಲ್ಲ. ಸಾರಮ್ಮ ಟೀಚರಿಗೆ ಅವಸರ ಇರಲಿಲ್ಲ. ಅವಸರ ನನಗೆ. ಅಪ್ಪ ಒಂದು ದಿನವೂ ಖಾಲಿ ಗೋಡೆ ನೋಡಿ ಕೂರಬಾರದು ಎಂದು ನಿನ್ನನ್ನು ಆ ಮಳೆಗೆ, ಆ ಜಲ್ಲಿಗೆ ಓಡಿಸಿದವಳು ನಾನು. ಎಷ್ಟು ಪೆಟ್ಟಾಗಿದೆ? ಎಡವಾ ಬಲವಾ? ನನ್ನನ್ನು ಬೈ, ಅಮ್ಮನ ಹತ್ತಿರ ಬೈಸು. ಆದರೆ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು.

ಮೇಲಿನ ಮನೆಯ ಪ್ಯಾಟ್ರಿಷಿಯಾ ಆಂಟಿ ನಾಳೆ ಲಂಡನ್‌ಗೆ ಹೋಗುತ್ತಿದ್ದಾರೆ. ಇಳಿದ ಕೂಡಲೇ ಇದನ್ನು ಡಬ್ಬಿಗೆ ಹಾಕುತ್ತೇನೆ ಎಂದಿದ್ದಾರೆ. ಸಿಕ್ಕಿದ ದಿನವೇ ಫೋನ್ ಮಾಡು. ಚೆನ್ನಾಗಿದ್ದೇನೆ ಎನ್ನುವ ಮಾತೊಂದನ್ನು ಬಿಟ್ಟು ಏನು ಬೇಕಾದರೂ ಹೇಳು.

ಇಂತಿ,
ಡಾರ್ಟ್‌ಮೂರ್ ಸೈಕಲ್ ಅಧ್ಯಯನ ಪೀಠದ ಪದಚ್ಯುತ ಅಧ್ಯಕ್ಷೆ, ನಿನ್ನ
ಗ್ರೀಷ್ಮಾ

ತಾ.ಕ.: ಅಪ್ಪ ಕವರು ಅಂಟಿಸಲು ಬಿಡುತ್ತಿಲ್ಲ. ಹಿಂಬದಿಯಲ್ಲಿ ಅವರೂ ಬರೆಯುತ್ತಾರಂತೆ. ನನ್ನದನ್ನು ಅವರು ಓದುವುದಿಲ್ಲ, ಅವರದ್ದನ್ನು ನಾನು ಓದುವುದಿಲ್ಲ ಎಂದು ಒಪ್ಪಂದ ಆಗಿದೆ.

ಮಗಾ ಜ್ಯೋತ್ಸ್ನಾ,
ಈ ಹುಡುಗಿ ಒಂದು ದಿನವೂ ಸ್ಕ್ರೂ ಬಿಗಿ ಮಾಡಿದ್ದಿಲ್ಲ. ಸುಮ್ಮನೆ ಕೈ ತಿರುಗಿಸುತ್ತಾಳೆ. ತಿರುಗಿಸುವಾಗ ನನ್ನ ಎದೆಯನ್ನೇ ನೋಡುತ್ತಾಳೆ. ಏದುಸಿರು ನಾನು ಅವಳಿಗೋಸ್ಕರ ಬಿಟ್ಟದ್ದು. ಅವಳಿಗೆ ಹೇಳಬೇಡ.
ಕಾರ್ಡು ನಂಬರ್ ಆರು. ನಿನ್ನ ಹಾಸಿಗೆಯಿಂದ ಫೋನಿನವರೆಗೆ. ಬಾಣ ಇಲ್ಲ. ಕೋಲು ಬಿಡಬೇಡ, ಅವಸರ ಬೇಡ. ನೀನು ಬಂದು ಮುಟ್ಟುವವರೆಗೆ ನಾನು ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಇಂಡಿಕೇಟರ್ ಹಾಕಿ ನಿಂತಿದ್ದೇನೆ.
ಅಪ್ಪ