ಮಥಾಯಸನಿಗೆ ಕೊಡದ ಕೋಣೆ

ಸಾಂತಾಕ್ರೂಜ್, ಮುಂಬಯಿ, ೧೮ ಜೂನ್ ೧೯೫೬, ಸೋಮವಾರ

ಇದನ್ನು ಇಲ್ಲಿಯೂ ಬರೆಯದೆ ಮಲಗಿಬಿಡುವುದರಲ್ಲಿದ್ದೆ. ಇವತ್ತು ಸುಳ್ಳು ಹೇಳಿದೆ.

ಬಾಡಿಗೆಗೆ ಕೋಣೆ ಕೇಳಿ ನೈರೋಬಿಯಿಂದ ಬಂದ ಕಾಗದದಲ್ಲಿ ಆಂಬ್ರೋಸ್ ಮಥಾಯಸ್ ಎಂಬ ಹೆಸರು ಕಂಡದ್ದೇ, ಅಲ್ಲಿ ನೆಲೆಸಿದ ನಮ್ಮ ಮಂಗಳೂರಿನವರ ಮಗನೆಂದುಕೊಂಡೆ. ಯಾವ ಮನೆತನವೆಂದು ಕೇಳಲೂ ಇಲ್ಲ. ಕೋಣೆ ನಿನ್ನದೇ ಎಂದು ಬರೆದೆ. ಮಧ್ಯಾಹ್ನ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತವನು ಆಫ್ರಿಕದ ಹುಡುಗ.

“ಕೋಣೆ ನೆಂಟರಿಗೆ ಕೊಟ್ಟಾಯಿತು,” ಎಂದೆ.

ಅವನಿಗೆ ಕಲ್ಯಾಣದಲ್ಲಿ ಪರಿಚಯದವರಿದ್ದಾರಂತೆ, ಅಲ್ಲಿಂದ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಇಲ್ಲಿಯ ಕಾಲೇಜಿಗೆ ಹೋಗಿಬರುವುದಕ್ಕೇ ದಿನಾ ನಾಲ್ಕು ಗಂಟೆ. “ನೆಂಟರು ಹೋದ ಮೇಲೆ ತಿಳಿಸಿ, ಮೇಡಂ,” ಎಂದು ವಿಳಾಸ ಬರೆದುಕೊಟ್ಟ. ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಎಷ್ಟು ಹೊತ್ತಿಗೆ ಎಂದೂ ಕೇಳಿದ.

“ಒಳ್ಳೇದಾಯ್ತು ಮಾರಾಯ್ತಿ, ಬಿಲ್ಡಿಂಗಿನವರು ಎಂತ ಹೇಳ್ತಿದ್ರು?” ಎಂದರು ಅತ್ತೆ. ಬಿಲ್ಡಿಂಗಿನವರು ಏನೂ ಹೇಳಿರಲಿಲ್ಲ, ಅವರಿಗಿಂತ ಮೊದಲು ನಾನೇ ಹೇಳಿಬಿಟ್ಟೆ.

ಕೋಣೆ ಖಾಲಿ ಇದೆ, ಸುಳ್ಳು ಹೇಳಿದೆ, ಬಾ ಎಂದು ಕಾಗದ ಬರೆದಿಟ್ಟಿದ್ದೇನೆ. ಬರುತ್ತಾನೋ ಇಲ್ಲವೋ. ಶುಕ್ರವಾರ ಇವರು ಟೂರಿನಿಂದ ಬಂದರೆ ಯೋಚಿಸೋಣ ಎನ್ನುತ್ತಾರೆ, ನಾನೂ ಹೂಂ ಎನ್ನುತ್ತೇನೆ. ಅದಕ್ಕೇ ನಾಳೆ, ಮಂಗಳವಾರ ೧೯ರಂದು, ಬೆಳಗಿನ ಟಪಾಲಿಗೇ ಹಾಕಬೇಕು.