ಹತ್ತು ಲಕ್ಷದ ಒಂದು

ಅಪ್ಪಾ,

ನಿನ್ನ ಹತ್ತು ಲಕ್ಷದ ಒಂದು ಇವತ್ತು ಒಡೆದುಹೋಯಿತು. ಅದೂ ಊಟದ ಮೇಜಿನ ಮೇಲೆ, ನೀನು ನೋಡದ ಮೊಮ್ಮಗಳ ಕೈಯಲ್ಲಿ.

"ತಾತ ತಪ್ಪು ಹೇಳಿದಾರಮ್ಮ. ನೂರ ಒಂದರಿಂದ ಭಾಗಿಸಿದ್ರೆ ಶೇಷಾನೇ ಉಳಿಯಲ್ಲ. ಒಂಬತ್ತು ಸಾವಿರದ ಒಂಬೈನೂರ ಒಂದು ಬರತ್ತೆ."

ನಂಬದೆ ಗುಣಿಸಿ ನೋಡಿದೆ. ಮೈಯೆಲ್ಲ ಉರಿದುಹೋಯಿತು.

ಅದು ಅವಿಭಾಜ್ಯ, ಯಾವುದರಿಂದಲೂ ಭಾಗವಾಗದು ಎಂದು ನೀನು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದೆ. ಮನೆಯಲ್ಲಿ ನನ್ನನ್ನು ಬೈಯುವಾಗಲೂ ಅದೇ: "ಹತ್ತು ಲಕ್ಷದ ಒಂದು ಕಣೇ ನೀನು, ಯಾರಿಗೂ ಬಗ್ಗಲ್ಲ." ಗೋಡೆಗೆ ಅಂಟಿಸಿದ್ದ ನಿನ್ನ ಅವಿಭಾಜ್ಯಗಳ ಪಟ್ಟಿ ತೊಂಬತ್ತೇಳಕ್ಕೆ ಮುಗಿಯುತ್ತಿತ್ತು. ನೀನೂ ಭಾಗಿಸುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೆ. ಅದರ ಮುಂದಿನ ಅವಿಭಾಜ್ಯವೇ ನೂರ ಒಂದು! ಇನ್ನೊಂದೇ ಒಂದು ಸಲ ಭಾಗಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ನಿನ್ನ ಮಾತು ಮೀರಿ ನಾನು ಮದುವೆಯಾದ ಮೇಲೆ ನೀನು ಒಮ್ಮೆ ನಮ್ಮ ಬೀದಿಗೆ ಬಂದಿದ್ದೆಯಂತೆ. ಗೇಟಿನ ಕಂಬಿ ಹಿಡಿದು ಬಹಳ ಹೊತ್ತು ನಿಂತು, ಹಾಗೆಯೇ ತಿರುಗಿ ಹೋದೆಯಂತೆ. ಎದುರುಮನೆಯ ದರ್ಜಿ ನನಗಿದನ್ನು ಹೇಳಿದ್ದು ನೀನು ತೀರಿಹೋದ ಮೇಲೆ.

ಆ ಗೇಟಿಗೆ ಚಿಲಕವೇ ಇಲ್ಲ ಅಪ್ಪಾ. ತಳ್ಳಿದ್ದರೆ ಸಾಕಿತ್ತು.