ನಡುರಸ್ತೆಗೆ ತೆರೆಯುವ ಬಾಗಿಲು

ಪ್ರೀತಿಯ ಅಕ್ಕನಿಗೆ,

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಈ ಊರಿಗೆ ಹೊರದೇಶದವರು ನೆರವಾಗಿ ಕೊಟ್ಟ ಎಲೆಕ್ಟ್ರಿಕ್ ಬಸ್ಸುಗಳಿಗೆ ಅವರ ದೇಶದ ರೂಢಿಯಂತೆ ಬಲಗಡೆ ಬಾಗಿಲು; ಇಳಿದರೆ ನಡುರಸ್ತೆ. ಅವರ ಸಾಹೇಬರು ನೋಡಲು ಬಂದಾಗ ಅನುವಾದಕ್ಕೆ ನಾನು ನಿಂತಿದ್ದೆ.

"ಜೀವ ಕೈಯಲ್ಲಿ ಹಿಡ್ಕೊಂಡು ಇಳೀಬೇಕು, ಹೇಳಮ್ಮ ಅವ್ರಿಗೆ" ಎಂದರು ಒಬ್ಬ ಅಜ್ಜಿ.

"ತುಂಬಾ ಉಪಕಾರ ಆಯ್ತಂತೆ ಅಂತ ಹೇಳು, ಸಾಕು" ಎಂದು ನಮ್ಮ ಬಸ್ ಡಿಪೋ ಮ್ಯಾನೇಜರು ಕಣ್ಣು ಕೆಕ್ಕರಿಸಿದರು.

ನನ್ನ ಸಂಕೋಚ ನಿನಗೆ ಗೊತ್ತಲ್ಲ. ಆದರೂ ಅಜ್ಜಿಯ ಮಾತನ್ನೇ ಹೇಳಿಬಿಟ್ಟೆ. ಕೆಲಸ ಹೋಯಿತೆಂದುಕೊಂಡೆ, ಹೋಗಲಿಲ್ಲ. ಬಾಗಿಲು ಬದಲಿಸಲು ಬಸ್ಸುಗಳೆಲ್ಲ ವರ್ಕ್‌ಶಾಪಿಗೆ ಹೋದವು, ಈಗ ಊರಿಗೆ ಊರೇ ನಡೆಯುತ್ತಿದೆ. ಇವತ್ತು ಅದೇ ಅಜ್ಜಿ ಸಿಕ್ಕಿ, "ಅಷ್ಟು ಚೆನ್ನಾಗಿ ಯಾಕಮ್ಮ ಹೇಳ್ದೆ?" ಎಂದು ಬೈದು, ನನ್ನ ಕೈಹಿಡಿದೇ ರಸ್ತೆ ದಾಟಿದರು.

ಚಪ್ಪಲಿ ಸವೆದಿದೆ, ಈ ಅಂಚೆಕಾರ್ಡೂ ತುಂಬಿತು.

ನಿನ್ನ ತಂಗಿ